ಬೇರೆ ವಲಯಕ್ಕೆ ಎತ್ತಿದ ಕೈ

ಗೆಜ್ಜಲಗೆರೆಯಲ್ಲಿ ಫ್ಯಾಕ್ಟರಿ ಹೆಂಗಸರು ಹತ್ತಿದರು, ಬಸ್ಸಿನ ತುಂಬ ಬೆವರು, ಮಲ್ಲಿಗೆ, ಯಾರದೋ ಡಬ್ಬಿಯ ಹುಳಿ ವಾಸನೆ, ವಸಿ ಜರುಗಿ ಮಿಸ್ ಅಂದಳೊಬ್ಬಳು, ಕೊರಳಲ್ಲಿನ ಸೀಟಿ ನೋಡಿ ಅಂದಿರಬೇಕು, ಮೀಟಿಂಗಿಗೂ ಇದನ್ನು ನೇತುಹಾಕಿಕೊಂಡು ಹೋಗಿದ್ದೆನಲ್ಲ, ದೊಡ್ಡ ಹಾಕಿ ಕೋಚು, ಥೂ — ಮಂಡ್ಯದ ಆ ಮೀಟಿಂಗ್ ಹಾಲ್‌ನಲ್ಲಿ ಕಾಲೇಜು ಕ್ರೀಡಾ ಸಮಿತಿಯ ಕಾರ್ಯದರ್ಶಿ ಸ್ವಾಮಿಯವರು ಕೇಳಿದ್ದು ಒಂದೇ ಮಾತು, ಹೆಣ್ಣುಮಕ್ಕಳ ಹಾಕಿಯಲ್ಲಿ ನಮ್ಮ ಕಾಲೇಜುಗಳು ಮೈಸೂರು ವಲಯದಲ್ಲೇ ಇರಬೇಕೋ, ಬಿಟ್ಟು ಬಂದು ಬೇರೆ ವಲಯ ಮಾಡಿಕೊಳ್ಳಬೇಕೋ, ಬೇರೆ ಅನ್ನುವವರು ಕೈಯೆತ್ತಿ, ಮದ್ದೂರಿನವರು ಎತ್ತಲಿಲ್ಲ, ಮಳವಳ್ಳಿ ಕಾಲೇಜಿನ ನಾನು ಎತ್ತಿದೆ. ಎತ್ತಿದೆ. ಯಾರೂ ಹಿಡಿದು ಎತ್ತಿಸಲಿಲ್ಲ. ಯಾಕೆ ಮೇಡಂ ಅಂದರು, ಮನೆಯವರು ಮೈಸೂರಿಗೆ ಕಳಿಸಲ್ಲ ಸಾರ್ ಅಂದೆ, ಎಷ್ಟು ಸಲೀಸಾಗಿ ಬಂತು ಬಾಯಿಗೆ, ಹದಿನಾರು ಮನೆಯವರ ಒಪ್ಪಿಗೆ ಪತ್ರ ಬ್ಯಾಗಿನಲ್ಲಿಟ್ಟುಕೊಂಡು ಅಂದೆ, ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತಿದವಳು ಚಿಕ್ಕಬೋರಮ್ಮ, ನಮ್ಮ ಗೋಲ್‌ಕೀಪರ್ ಶಾಲಿನಿಯ ತಾಯಿ, ಬಂಡೂರಿನಲ್ಲಿ ಕುರಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಕಾಲೇಜಿಗೇ ಬಂದಿದ್ದಳು, ಮೈಸೂರ್ಗೊಂದೇ ಅಲ್ಲ ಮಿಸ್, ಎಲ್ಗಾರ ಕರ್ಕೊಂಡೋಗಿ, ಮಗು ಆಡ್ಲಿ ಅಂದಳು, ಅವಳ ಬಾಯಿಗೇ ನನ್ನ ಸುಳ್ಳು ತುರುಕಿ ಬಂದೆನಲ್ಲ.

ನಿಜ ಏನು ಅಂದರೆ ಹದಿನಾಲ್ಕು ಗೋಲು, ಹೋದ ವರ್ಷ ಮೈಸೂರಿನಲ್ಲಿ ನಾವು ತಿಂದದ್ದು, ಪಕ್ಕದ ಕೋಚುಗಳು ಬಾಯಿಬಿಟ್ಟು ಎಣಿಸುತ್ತಿದ್ದರು, ಒಬ್ಬ ನಕ್ಕ, ಏನ್ ಮೇಡಂ, ಕಬ್ ಕಡಿಯೋರನ್ನ ಕರ್ಕೊಂಬಂದ್ರಾ ಅಂದ, ಉರಿದುಹೋದೆ, ಆದರೆ ಶಾಲಿನಿಗೆ ಏನೂ ಅನಿಸಿರಲಿಲ್ಲ, ಇಪ್ಪತ್ತು ತಡೆದಿದೀನಿ ಮಿಸ್, ಅದ್ನ ಯಾರೂ ಎಣಿಸ್ನಿಲ್ವಾ ಅಂದಳು, ಎಣಿಸಿದವರಿದ್ದರು, ಯೂನಿವರ್ಸಿಟಿ ತಂಡ ಆರಿಸುವವರು ಅವಳ ಹೆಸರು ಬರೆದುಕೊಂಡರು, ಮುಂದಿನ ವರ್ಷ ನೋಡೋಣ ಅಂದರು, ಆ ಮುಂದಿನ ವರ್ಷ ಇದೇ, ಅವಳಿಗೆ ಇದೇ ಕೊನೆಯದು, ಅವರು ಬರುವುದು ಮೈಸೂರಿಗೆ ಮಾತ್ರ, ಇಲ್ಲಿ ಮೂರು ತಂಡದ ವಲಯದಲ್ಲಿ ಯಾರು ಬಂದು ನೋಡುತ್ತಾರೆ, ಆದರೆ ಇಲ್ಲಾದರೆ ನಾನು ಕಪ್ ಗೆಲ್ಲಬಹುದಲ್ಲ, ಪ್ರಿನ್ಸಿಪಾಲರ ಮೇಜಿನ ಮೇಲಿಡಬಹುದಲ್ಲ, ಇಷ್ಟೇ, ಇಷ್ಟಕ್ಕೇ. ಇನ್ನೂ ತೀರ್ಮಾನ ಆಗಿಲ್ಲ, ಶನಿವಾರದೊಳಗೆ ಬರೆದುಕೊಟ್ಟರೆ ಅಭಿಪ್ರಾಯ ಬದಲಿಸಬಹುದು ಅಂದರು ಸ್ವಾಮಿಯವರು, ಮದ್ದೂರಿನಲ್ಲಿ ಇಳಿದು ವಾಪಸ್ಸು ಬಸ್ಸು ಹಿಡಿಯೇ, ಹಿಡಿಯೇ ನಾಚಿಕೆಗೆಟ್ಟವಳೇ, ಮದ್ದೂರು ಬಂತು, ಜನ ಇಳಿದರು, ನಾನು ಬ್ಯಾಗು ತಬ್ಬಿಕೊಂಡು ಕೂತೇ ಇದ್ದೇನೆ, ಫೋನು ಹೊಡೆದುಕೊಂಡಿತು, ಶಾಲಿನಿ. ಮಿಸ್, ಮೈಸೂರೇ ಇರ್ಲಿ ಅಂತ ಏಳುದ್ರಾ? ಈಗ ಹೇಳಿಬಿಡು, ತಪ್ಪು ಮಾಡಿದೆ ಕಣಮ್ಮ, ಸರಿ ಮಾಡ್ತೀನಿ ಅನ್ನು — ಎಷ್ಟು ಹೇಳಿದರೂ ಅವರು ಕೇಳಲಿಲ್ಲ ಕಣಮ್ಮ ಅಂದೆ. ಓಗ್ಲಿ ಬುಡಿ ಮಿಸ್, ನಮ್ಗೋಸ್ಕರ ಒಬ್ರೇ ಜಗಳ ಆಡಿದ್ರಲ್ಲ ಅಂದಳು, ಫೋನು ದೂರ ಹಿಡಿದು ಮೈದಾನಕ್ಕೆಲ್ಲ ಕೂಗಿದಳು, ಲೇ, ಮಿಸ್ಸು ನಮ್ ಪರ್ವಾಗಿ ಮಾತಾಡವ್ರೆ ಕಣ್ರೇ, ಚಪ್ಪಾಳೆ ಒಡೀರೇ, ಹೊಡೆದರು, ಅಷ್ಟೂ ಹುಡುಗಿಯರು, ನಿಲ್ಲಿಸಿ ಅನ್ನಬೇಕು, ಫೋನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ, ಬಸ್ಸು ಹೊರಟಿತು, ಹೊಡೆಯುತ್ತಲೇ ಇದ್ದಾರೆ, ಸ್ಟಿಕ್ಕು ಕೆಳಗಿಟ್ಟಿರಬೇಕು, ಎರಡೂ ಕೈಯಿಂದ, ಕೈಯೆತ್ತಿ ಬಂದ ನನಗೆ, ಆ ಚಪ್ಪಾಳೆ.