ಎರಡು ಗುಮ್ಮಟ

ನಾನು ಒಂದು ರೀಲ್ ಕ್ಯಾಮೆರಾ. ಹುಟ್ಟಿದ್ದು ಜಪಾನಿನ ಒಂದು ಕಾರ್ಖಾನೆಯಲ್ಲಿ. ನನ್ನ ಹಣೆಯಲ್ಲಿ ಎರಡು ಪುಟ್ಟ ಕಿಟಕಿಗಳಿವೆ. ಹಿಂದಿನಿಂದ ಕಣ್ಣಿಟ್ಟು ನೋಡಿದರೆ ಎದುರಿನ ಮುಖ ಮೊದಲು ಎರಡಾಗಿ ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸುತ್ತ ಹೋದಂತೆ ಅವೆರಡೂ ಕೂಡಿ ಒಂದಾಗುತ್ತವೆ. ಆಗ ಗುಂಡಿ ಒತ್ತಿದರೆ ಫೋಟೋ ಸ್ಪಷ್ಟವಾಗಿ ಬರುತ್ತದೆ.

ಹಡಗಿನವನೊಬ್ಬ ನನ್ನನ್ನು ಮುಂಬಯಿಗೆ ತಂದು ಮಾರಿದ. ಅಲ್ಲಿಂದ ನನ್ನನ್ನು ಕೊಂಡು ತಂದವರು ಬಿಜಾಪುರದ ಈರಸಂಗಪ್ಪ. ಗೋಳಗುಮ್ಮಟ ನೋಡಲು ಬಂದವರನ್ನು ಹುಲ್ಲಿನ ಮೇಲೆ ನಿಲ್ಲಿಸಿ, ಹಿಂದೆ ಗುಮ್ಮಟ ಬರುವಂತೆ ಫೋಟೋ ತೆಗೆದು, ಅವರವರ ಊರಿಗೆ ಅಂಚೆಯಲ್ಲಿ ಕಳಿಸುವುದು ಅವರ ಕಸುಬು. ದನಿ ದೊಡ್ಡದು. ಅಳುವ ಕೂಸುಗಳೂ ಅವರ ಕೂಗಿಗೆ ಬೆರಗಾಗಿ ನನ್ನ ಕಡೆ ತಿರುಗುತ್ತಿದ್ದವು.

ಒಂದು ಬೇಸಿಗೆಯಲ್ಲಿ ಸೈಕಲ್ಲಿನ ಹ್ಯಾಂಡಲಿನಿಂದ ಜಾರಿ ಕಲ್ಲಿನ ಮೇಲೆ ಬಿದ್ದೆ. ಹೊರಗೆ ಒಂದು ಗೀರೂ ಆಗಲಿಲ್ಲ. ಒಳಗಿನ ಪುಟ್ಟ ಕನ್ನಡಿ ಮಾತ್ರ ಕೂದಲೆಳೆಯಷ್ಟು ಸರಿಯಿತು. ಅಂದಿನಿಂದ ಬಳೆ ಎಷ್ಟು ತಿರುಗಿಸಿದರೂ ಬಿಂಬಗಳು ಕೂಡಲಿಲ್ಲ. ಅಂದಾಜಿನ ಮೇಲೆ ತೆಗೆದ ಫೋಟೋಗಳು ಮಸುಕಾದವು.

ಈರಸಂಗಪ್ಪನವರು ನನ್ನನ್ನು ಅನುಮಾನಿಸಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಅದು ಕಣ್ಣಿಗೆ ಇಳಿಯಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು. ಆಗಾಗ ಮಂಜು ಕವಿದಂತಾಗುವುದೂ ಇತ್ತು. ಅವರು ಕೆಲಸಕ್ಕೆ ಹೋಗುವುದನ್ನು ಬಿಟ್ಟು, ನನ್ನನ್ನು ಮೊಳೆಗೆ ತೂಗುಹಾಕಿ ಮನೆಯಲ್ಲಿ ಕೂತರು.

ಹೆಂಡತಿ ಕಸ್ತೂರಿಬಾಯಿ ಕೇಳಿ ಕೇಳಿ ಬಾಯಿ ಬಿಡಿಸಿದರು.

"ನನ್ನ ಕಣ್ಣ ಹೋದುವು ಕಸ್ತೂರಿ. ಕ್ಯಾಮೆರಾದಾಗ ಗುಮ್ಮಟ ಎರಡು ಕಾಣ್ತಾವ."

ಆಕೆ ನನ್ನನ್ನು ಮೊಳೆಯಿಂದ ಇಳಿಸಿಕೊಂಡು ಮಾಳಿಗೆ ಹತ್ತಿದರು. ಅಲ್ಲಿಂದ ಗುಮ್ಮಟ ಕಾಣುತ್ತಿತ್ತು. ಬಳೆಯನ್ನು ಪೂರ್ತಿ ತಿರುಗಿಸಿ ನೋಡಿದವರೇ ಕೂಗಿದರು: "ರೀ, ನನಗೂ ಎರಡು ಕಾಣ್ತಾವ! ಕೆಟ್ಟದ್ದು ಇದು, ನಿಮ್ಮ ಕಣ್ಣಲ್ಲ!"

ಈರಸಂಗಪ್ಪ ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಓಣಿಯ ಗಡಿಯಾರ ರಿಪೇರಿಯವನಿಂದ ಸಣ್ಣ ಸ್ಕ್ರೂಡ್ರೈವರ್ ತರಿಸಿದರು. ನನ್ನ ಮೇಲಿನ ಮುಚ್ಚಳ ಬಿಚ್ಚಿದರೆ ಮೂಗುತಿಯ ತಿರುಪಿನಷ್ಟು ಸಣ್ಣ ಸ್ಕ್ರೂಗಳು. ಅವರ ದಪ್ಪ ಬೆರಳಿಗೆ ಅವು ಸಿಗಲಿಲ್ಲ. ಹಾಗಾಗಿ ಅವರು ನನ್ನ ಕಿಟಕಿಯಲ್ಲಿ ಗುಮ್ಮಟದ ತುದಿ ನೋಡುತ್ತ ನಿಂತರು, ಆಕೆ ಸ್ಕ್ರೂ ತಿರುಗಿಸಿದರು.

"ಇನ್ನ ಸ್ವಲ್ಪ... ತಡಿ, ದಾಟಿತು. ಹಿಂದಕ್ಕ... ಈಗ ಮ್ಯಾಲಿಂದು ಇಳಿಸು... ಕೂಡಿತು ನೋಡು!"

ಸ್ಕ್ರೂ ಮತ್ತೆ ಸರಿಯದಂತೆ ಕಸ್ತೂರಿಬಾಯಿ ಅದರ ಮೇಲೆ ಒಂದು ಹನಿ ಉಗುರುಬಣ್ಣ ಇಟ್ಟರು. ಆ ರಾತ್ರಿ ಈರಸಂಗಪ್ಪ ಹೊಟ್ಟೆ ತುಂಬ ಉಂಡರು.

ಆದರೆ ಡಾಕ್ಟರ ಮಾತೂ ಸುಳ್ಳಾಗಲಿಲ್ಲ. ಕೆಲವು ವರ್ಷಗಳಲ್ಲಿ ಅವರ ಕಣ್ಣು ನಿಜಕ್ಕೂ ಹೋಯಿತು. ಈ ಸಲ ತಿರುಗಿಸಲು ಯಾವ ಸ್ಕ್ರೂವೂ ಇರಲಿಲ್ಲ. ಒಂದು ಮುಂಜಾನೆ ನನ್ನನ್ನು ಹೆಂಡತಿಯ ಕೈಗಿಟ್ಟರು. "ಇನ್ನ ನೀನ ಹೋಗು."

"ನೀವೂ ಬರ್ರಿ. ಮಂದೀನ ಕರಿಯಾಕ ನಿಮ್ಮ ದನಿ ಬೇಕು."

ಹೆಂಗಸು ಕ್ಯಾಮೆರಾ ಹಿಡಿದದ್ದು ಕಂಡು ಮೊದಮೊದಲು ಕೆಲವರು ನಕ್ಕರು. ಫೋಟೋಗಳು ಊರು ತಲುಪಿದ ಮೇಲೆ ನಗು ನಿಂತಿತು.

ಒಂದು ಸಂಜೆ ರೀಲಿನಲ್ಲಿ ಒಂದೇ ಫೋಟೋ ಉಳಿದಿತ್ತು. ಕಸ್ತೂರಿಬಾಯಿ ಗಂಡನನ್ನು ಹುಲ್ಲಿನ ಮೇಲೆ ನಿಲ್ಲಿಸಿದರು. ಊರೂರಿನವರ ಫೋಟೋ ತೆಗೆದ ಆ ಮನುಷ್ಯನದು ಗುಮ್ಮಟದ ಮುಂದೆ ಒಂದೂ ಇರಲಿಲ್ಲ.

"ನಂದ್ಯಾಕ? ನಾ ಏನು ನೋಡಂಗಿಲ್ಲ."

"ನಾ ನೋಡ್ತೀನಿ."

ಅವರು ಟೋಪಿ ಸರಿಮಾಡಿಕೊಂಡರು. "ಎತ್ತಾಗ ನೋಡ್ಲಿ?"

"ನನ್ನ ದನಿ ಬಂದ ಕಡೆ."

ಈಗ ಈರಸಂಗಪ್ಪನವರಿಲ್ಲ. ನನಗೆ ಹಾಕುವ ರೀಲೂ ಪೇಟೆಯಲ್ಲಿ ಸಿಗುವುದಿಲ್ಲ. ನನ್ನ ಬಳೆ ಬಿಗಿದುಕೊಂಡಿದೆ. ಕಪಾಟಿನಲ್ಲಿ ಕಸ್ತೂರಿಬಾಯಿಯ ಇಳಕಲ್ ಸೀರೆಗಳ ಪಕ್ಕ ಇದ್ದೇನೆ. ಆ ಫೋಟೋ ಹೊರಗೆ ಗೋಡೆಯ ಮೇಲಿದೆ. ಮನೆಗೆ ಬಂದವರು ಅದರ ಮುಂದೆ ನಿಂತು, "ಯಜಮಾನರು ಎಷ್ಟು ನೆಟ್ಟಗೆ ನೋಡ್ಯಾರ!" ಅನ್ನುವುದು ನನಗೆ ಕೇಳಿಸುತ್ತದೆ. ಅವರಿಗೆ ಆಗ ಕಣ್ಣು ಕಾಣುತ್ತಿರಲಿಲ್ಲ ಎಂದು ಕಸ್ತೂರಿಬಾಯಿ ಯಾರಿಗೂ ಹೇಳುವುದಿಲ್ಲ. "ಹೌದ್ರಿ, ನನ್ನ ನೋಡಾಕತ್ತಿದ್ರು" ಎಂದಷ್ಟೇ ಹೇಳಿ ಚಹಾ ತರಲು ಒಳಗೆ ಹೋಗುತ್ತಾರೆ.