ಮೂರನೇ ಮಂಚ

“ಅಣ್ಣ, ಹೋಟೆಲ್ ರೂಮಲ್ಲಿ ಮೂರನೇದು ಮಡಚೋ ಮಂಚ ಅಂತೆ. ನಿಮಗೆ ನಡೆಯುತ್ತಲ್ಲ?” ಲ್ಯಾಪ್‌ಟಾಪಿನಿಂದ ಕಣ್ಣು ಕೀಳದೆ ಮೇಷ್ಟ್ರು ಕೇಳಿದರು.

“ನಡೆಯದೆ ಏನು? ಮಡಚೋದು ಮಂಚಾನ ತಾನೇ, ನನ್ನನ್ನಲ್ಲವಲ್ಲ,” ಎಂದ ಅವನು.

ಮೂವರೂ ನಕ್ಕರು. ನಗು ಬೇಗ ಮುಗಿಯಿತು.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಮೇಜು ಒರೆಸಿ, ಸ್ಪೇನಿನ ಕಡಲತೀರದ ಊರೊಂದಕ್ಕೆ ಹೋಗುವ ಏರ್ಪಾಡಿಗೆ ಕೂತಿದ್ದರು. ಮೇಷ್ಟ್ರು ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟೇ ತಲೆ ನರೆಸಿಕೊಂಡವರು. ಯಾವ ಸಮುದ್ರದ ಪ್ರವಾಹ ಎತ್ತ ಹರಿಯುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಆದರೆ ವಿಮಾನ ಅಂದರೆ ಕೈಕಾಲು ತಣ್ಣಗಾಗುವ ಮನುಷ್ಯ.

ಅವನು ಲಿಫ್ಟ್ ರಿಪೇರಿಯವನು. ಹೆಂಡತಿ ತೀರಿಕೊಂಡು ವರ್ಷ ದಾಟಿತ್ತು. ಆಮೇಲೂ ನಾದಿನಿ ಅವನನ್ನು ಭಾನುವಾರದ ಊಟಕ್ಕೆ ಕರೆಯುವುದು ಬಿಟ್ಟಿರಲಿಲ್ಲ, ಅವನು ಬರುವುದೂ ಬಿಟ್ಟಿರಲಿಲ್ಲ. ಬಂದು, ಬಡಿಸಿದ್ದನ್ನು ತಿಂದು, ಸಡಿಲವಾದ ಚಿಲಕವನ್ನೋ ಸೋರುವ ನಲ್ಲಿಯನ್ನೋ ಬಿಗಿ ಮಾಡಿ ಹೋಗುತ್ತಿದ್ದ. ಬರಬರುತ್ತ ಆ ಮನೆಯಲ್ಲಿ ಬಿಗಿ ಮಾಡಲು ಏನೂ ಉಳಿಯಲಿಲ್ಲ. ಊಟವಾದ ಮೇಲೆ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತೋಚದೆ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದ. ಅದನ್ನು ನೋಡಲಾರದೆಯೇ ನಾದಿನಿ ಸ್ಪೇನಿನ ಮಾತು ತೆಗೆದಿದ್ದು ಎಂದು ಅವನು ತಿಳಿದಿದ್ದ.

“ರೂಮಿನ ಕಿಟಕೀಲಿ ಸಮುದ್ರ ಕಾಣ್ಲೇಬೇಕು,” ಎಂದು ನಾದಿನಿ ಗಂಡನ ಭುಜದ ಮೇಲಿಂದ ಬಗ್ಗಿ ಬೆರಳು ತೋರಿಸಿದಳು. “ಇದು ಬೇಡ, ಇದು ಬಂದರಿನ ಕಡೆ. ಇದಾದ್ರೆ ಇಳಿದ ಕೂಡ್ಲೇ ಮರಳು. ಆಮೇಲೆ ಬೆಟ್ಟದ ಮೇಲಿನ ಕೋಟೆಗೆ ಬೆಳಿಗ್ಗೇನೇ ಹತ್ತಿಬಿಡೋಣ. ಬಿಸಿಲೇರಿದ್ರೆ ಅಕ್ಕನಿಗೆ ತಲೆನೋವು...”

ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡಳು.

“ಅವಳಿಗೆ ಯಾವ ಕೋಟೆ?” ಎಂದು ಅವನು ಕೇಳಿದ. “ಸ್ಪೇನ್ ಎಲ್ಲಿದೆ ಅಂತಾದ್ರೂ ಗೊತ್ತಿತ್ತಾ ಅವಳಿಗೆ?”

ಮೇಷ್ಟ್ರು ಕೆಮ್ಮಿ, ಇನ್ನೂ ಅರ್ಧ ಕಾಫಿಯಿದ್ದ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು. ಹೋದವರು ಬೇಗ ಬರಲಿಲ್ಲ.

“ಗೊತ್ತಿತ್ತಾ ಅಂದ್ರೇನು ಭಾವ! ಈ ಪ್ಲಾನೆಲ್ಲ ಅವಳದೇ. ಎಲ್ಲಿ ಇಳಿಯೋದು, ಏನೇನು ನೋಡೋದು, ಎಲ್ಲ. ನಾನೂ ಅವಳೂ ಹೋಗೋದು ಅಂತ.”

“ಮತ್ತೆ ನಾನು?”

ಆ ಮಾತು ಅವನಿಗೇ ಗೊತ್ತಾಗದೆ ಬಾಯಿಂದ ಜಾರಿತ್ತು. ಆಟಕ್ಕೆ ಸೇರಿಸಿಕೊಳ್ಳದ ಮಗುವಿನ ದನಿಯಂತೆ ಕೇಳಿಸಿ ಅವನಿಗೇ ನಾಚಿಕೆಯಾಯಿತು.

“ನಿಮಗೆ ಅಡುಗೆ ಮಾಡಿ ಫ್ರಿಜ್ಜಲ್ಲಿಟ್ಟು ಬರ್ತೀನಿ ಅಂತಿದ್ಲು. ಡಬ್ಬಿಗಳ ಮೇಲೆ ಸೋಮವಾರ, ಮಂಗಳವಾರ ಅಂತ ಬರೆದಿಡ್ತೀನಿ, ಇಲ್ಲಾಂದ್ರೆ ಎಲ್ಲಾನೂ ಮೊದಲ್ನೇ ದಿನಾನೇ ಖಾಲಿ ಮಾಡ್ತಾರೆ ಅಂತ.” ನಾದಿನಿ ನಕ್ಕಳು. ಅವನ ಮುಖ ನೋಡಿ ನಿಲ್ಲಿಸಿದಳು. ಎದ್ದು ಒಳಗಿನ ಕೋಣೆಗೆ ಹೋಗಿ ಕಾಗದದ ಚೀಲವೊಂದನ್ನು ತಂದು ಮೇಜಿನ ಮೇಲಿಟ್ಟಳು.

“ಇದನ್ನೂ ತಗೊಂಡಿದ್ಲು. ನಮ್ಮನೇಲೇ ಇರ್ಲಿ ಅಂದ್ಲು.”

ಕಡುನೀಲಿ ಬಣ್ಣದ ಈಜುಡುಗೆ. ಸೊಂಟದ ಹತ್ತಿರ ಸಣ್ಣ ನೆರಿಗೆ. ಅಂಗಡಿಯ ಚೀಟಿಯನ್ನು ಇನ್ನೂ ಕಿತ್ತಿರಲಿಲ್ಲ. ಹೊಸ ಬಿಡಿಭಾಗವನ್ನು ನೋಡುವವನಂತೆ ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಕತ್ತಿನ ಹಿಂದೆ ಅಳತೆಯ ಅಂಕಿಯಿತ್ತು. ಅದು ಅವಳ ಅಳತೆಯೇ ಇರಬೇಕು. ಇಷ್ಟು ಕಾಲ ಒಂದೇ ಮಂಚದಲ್ಲಿ ಮಲಗಿದ್ದ ಅವನಿಗೆ ಅದು ಹೌದೋ ಅಲ್ಲವೋ ಎಂದು ಹೇಳಲಾಗಲಿಲ್ಲ.

“ನನ್ನ ಹತ್ರ ಯಾಕೆ ಹೇಳ್ಲಿಲ್ಲ?”

“ಹೇಳಿದ್ಲು ಭಾವ. ಮೊದಲು ನಿಮ್ಮನ್ನೇ ಕೇಳಿದ್ದು. ಒಂದಿನ ಸಂಜೆ ನೀವು ಕೆಲಸದಿಂದ ಬಂದು ಶೂ ಬಿಚ್ತಾ ಇದ್ರಂತೆ. ನಾವಿಬ್ರೂ ಸ್ಪೇನಿಗೆ ಹೋಗಿ ಸಮುದ್ರದಲ್ಲಿ ಇಳಿಯೋಣ್ವಾ ಅಂದ್ಲಂತೆ. ನೀವು ನಕ್ಕುಬಿಟ್ರಂತೆ.”

ನಾದಿನಿಯ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ವಾಸಿಯಿತ್ತು, ಏನಾದರೂ ಜವಾಬು ಕೊಡಬಹುದಿತ್ತು. ಅವನು ಉಡುಗೆಯನ್ನು ಬಂದ ಮಡಿಕೆಯಲ್ಲೇ ಮಡಚಿ ಚೀಲಕ್ಕೆ ಹಾಕಿದ.

“ಇಲ್ಲೇ ಇರ್ಲಿ ಅಂದಿದ್ಲಲ್ಲ,” ಎಂದ. “ಇಲ್ಲೇ ಇರ್ಲಿ.”

ಬಸ್ಸಿನಲ್ಲಿ ಮನೆಗೆ ಮರಳುವಾಗ ಆ ಸಂಜೆಯನ್ನು ಹುಡುಕಿದ. ಬಾಗಿಲ ಪಕ್ಕದ ಸಣ್ಣ ಸ್ಟೂಲು, ಗ್ರೀಸು ಮೆತ್ತಿದ ಶೂ, ಗಂಟು ಬಿದ್ದ ಲೇಸು, ಅಡುಗೆಮನೆಯ ಹೊಸ್ತಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತ ಅವಳು. ಅಂಥ ಸಂಜೆಗಳು ಎಷ್ಟು ಬೇಕಾದರೂ ಸಿಕ್ಕವು. ಯಾವ ತಂತಿಯಲ್ಲಿ ಕರೆಂಟು ನಿಂತಿದೆಯೆಂದು ಒಂದೊಂದಕ್ಕೇ ಟೆಸ್ಟರು ಮುಟ್ಟಿಸಿ ನೋಡುವವನ ಹಾಗೆ ಎಲ್ಲವನ್ನೂ ಮುಟ್ಟಿ ನೋಡಿದ. ಸ್ಪೇನಿದ್ದ ಸಂಜೆ ಮಾತ್ರ ಸಿಗಲಿಲ್ಲ. ನಕ್ಕಿದ್ದು ಸುಳ್ಳು ಎನ್ನುವಂತಿರಲಿಲ್ಲ. ಅವನು ನಗುವಂಥವನೇ. ಆದರೆ ಅವಳು ಅಷ್ಟು ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದ ಆ ಗಳಿಗೆ ಅವನ ಪಾಲಿಗೆ ನಡೆದೇ ಇರಲಿಲ್ಲ.

ಮನೆಗೆ ಬಂದ ಮೇಲೂ ಅದೇ. ಇಸ್ತ್ರಿ ಹಾಕುವಾಗ ಅದೇ, ಹಲ್ಲುಜ್ಜುವಾಗ ಅದೇ. ವಾರದ ನಡುವೆ ಒಂದು ಮಧ್ಯಾಹ್ನ, ಎತ್ತರದ ಕಟ್ಟಡವೊಂದರ ತಾರಸಿಯ ಯಂತ್ರದ ಕೋಣೆಯಲ್ಲಿ ಬುತ್ತಿ ಮುಗಿಸಿ, ಕೈ ಒರೆಸಿಕೊಂಡು ನಾದಿನಿಗೆ ಫೋನು ಮಾಡಿದ.

“ನಾನು ಬರಲ್ಲಮ್ಮ. ನೀವಿಬ್ರೂ ಹೋಗಿ ಬನ್ನಿ.”

“ಯಾಕೆ ಭಾವ? ಆ ಮಂಚದ್ದಾ? ಬೇರೆ ರೂಮೇ ತಗೊಳ್ಳೋಣ. ಇವರದು ಬಿಡಿ, ಏನಾದ್ರೂ ಅಂತಾರೆ.”

“ಮಂಚದ್ದಲ್ಲ. ಅವಳ ಪ್ಲಾನಲ್ಲಿ ನಾನು ಮನೇಲಿರೋನು ತಾನೇ? ಇರ್ತೀನಿ ಬಿಡು.”

ಆ ಕಡೆ ಮೂಗು ಸೀಟಿದ ಸದ್ದು.

“ನಿಮಗೆ ಹೇಳಲೇಬಾರದಿತ್ತು. ಭಾವ, ನಿಮ್ಮ ಬೇಜಾರು ಕಳೀಲಿ ಅಂತ ಮಾಡಿದ್ದಲ್ಲ ಇದು. ನನಗೇ ಬೇಕಿತ್ತು. ನಿಮ್ಮನ್ನ ಬಿಟ್ರೆ ಅವಳ ಬಗ್ಗೆ ಮಾತಾಡೋಕೆ ನನಗಿನ್ಯಾರು ಇದಾರೆ? ಇವರು ಎರಡು ಮಾತು ಕೇಳಿ ಪೇಪರ್ ಬಿಡಿಸ್ತಾರೆ.”

ಇದು ಅವನಿಗೆ ಹೊಳೆದಿರಲಿಲ್ಲ. ಏನಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆಯೇ ಮಾತು.

“ಒಂದು ಕೇಳ್ಲಾ? ಆವತ್ತು ನಾನು ನಕ್ಕಾಗ ಅವಳು ಏನಂದ್ಲಂತೆ?”

“ಏನೂ ಅನ್ಲಿಲ್ವಂತೆ. ಅವಳೂ ನಕ್ಲಂತೆ.”

“ಹೂಂ,” ಎಂದ. “ಭಾನುವಾರ ಬರ್ತೀನಿ. ಅವಳ ಬಗ್ಗೆ ಹೇಳು. ಏನಿದೆಯೋ ಎಲ್ಲ ಹೇಳು.”

ಫೋನು ಜೇಬಿಗಿಟ್ಟು, ಬ್ಯಾಟರಿ ಬೆಳಕು ಹಿಡಿದು ಕೆಳಗಿಳಿದ. ಕೆಟ್ಟು ನಿಂತಿದ್ದ ಲಿಫ್ಟಿನ ಮಾಡಿನ ಮೇಲೆ ಕೂತು, ಸ್ಪ್ಯಾನರು ತೆಗೆದು ಕೆಲಸಕ್ಕೆ ತೊಡಗಿದ. ಲಿಫ್ಟು ಏರಿಳಿಯುವ ಕಗ್ಗತ್ತಲೆಯ ಆ ಬಾವಿಯಲ್ಲಿ ಎಣ್ಣೆಯ, ದೂಳಿನ ವಾಸನೆ. ಪಕ್ಕದ ಲಿಫ್ಟು ಮಾತ್ರ ಜನರನ್ನು ತುಂಬಿಕೊಂಡು ಓಡಾಡುತ್ತಿತ್ತು. ಒಮ್ಮೆ ಅದು ಅವನ ಮಗ್ಗುಲಲ್ಲೇ ಬಂದು ನಿಂತಿತು. ತಗಡಿನ ಆಚೆ ಹೆಂಗಸೊಬ್ಬಳ ದನಿ.

“ರೀ, ಒಂದು ಮಾತು ಕೇಳಿದ್ರೆ ಬೈಯಲ್ಲ ತಾನೇ?”

ಅವನು ಸ್ಪ್ಯಾನರನ್ನು ಸದ್ದಾಗದಂತೆ ಕೆಳಗಿಟ್ಟು, ಕಿವಿಯನ್ನು ಆ ಕಡೆಗೆ ಬಾಗಿಸಿದ. ಆಚೆ ಬಾಗಿಲು ಮುಚ್ಚಿಕೊಂಡಿತು. ತಂತಿಗಳು ಬಿಗಿದುಕೊಂಡು ಕಂಪಿಸಿದವು. ಸಂದಿನಲ್ಲಿ ಕಾಣುತ್ತಿದ್ದ ದೀಪದ ಗೆರೆಯೊಂದು ಕತ್ತಲಲ್ಲಿ ಮೇಲೆ ಮೇಲೆ ಹೋಯಿತು, ಗಂಡಸಿನ ಉತ್ತರವನ್ನೂ ತನ್ನ ಜೊತೆಗೇ ಎತ್ತಿಕೊಂಡು.