ಎಡೆಯ ಚಪಾತಿ

ಹಿಟ್ಟು ಬೆರಳ ಸಂದಿಗೆ ಅಂಟಿಕೊಂಡಿದೆ, ತಿಕ್ಕಿದರೂ ಬಿಡುತ್ತಿಲ್ಲ, ಎಳೆದರೆ ರಬ್ಬರಿನ ಹಾಗೆ ಹಿಗ್ಗಿಕೊಂಡು ಬರುತ್ತದೆ, ರಾಗಿ ಹಿಟ್ಟು ಹೀಗಲ್ಲ, ಅಂಗೈಗೆ ಒಂದಿಷ್ಟು ನೀರು ಮುಟ್ಟಿಸಿಕೊಂಡರೆ ಜಾರಿ ಹೋಗುತ್ತದೆ, ಗೋಧಿಯದೇ ಈ ಜಿಗುಟು — ಆ ಜಿಗುಟೇ ನಿಮ್ಮ ಮಗಳಿಗೆ ಆಗೋದಿಲ್ಲ, ಅಂದಿದ್ದು ಮೈಸೂರಿನ ಡಾಕ್ಟರಮ್ಮ, ಅದಕ್ಕೆ ಗ್ಲುಟೆನ್ ಅಂತಾರೆ, ಗೋಧಿ, ಮೈದಾ, ರವೆ, ಬಿಸ್ಕತ್ತು, ಬ್ರೆಡ್ಡು, ಎಲ್ಲದರಲ್ಲೂ ಇರುತ್ತೆ, ಇವಳಿಗೆ ಅದು ಕರುಳನ್ನ ಒಳಗಿಂದ ಸವೆಸ್ತಾ ಬಂದಿದೆ, ತಿಂದದ್ದು ಮೈಗೆ ಹತ್ತಿಲ್ಲ, ರಕ್ತ ಇಳಿದಿದೆ, ಕಾಲು ಸೆಳೆಯೋದು ಅದಕ್ಕೇ, ನಿದ್ದೆ ಬರದೆ ಇರೋದೂ ಅದಕ್ಕೇ, ಇನ್ನು ಮೇಲೆ ಒಂದು ಚೂರೂ ಕೊಡಬೇಡಿ — ಕೊಡುವುದಿಲ್ಲ ಅಂತ ತಲೆ ಆಡಿಸಿ ಬಂದವಳು ಈಗ ಅದೇ ಹಿಟ್ಟನ್ನು ಮೊಣಕೈವರೆಗೆ ಬಳಿದುಕೊಂಡು ನಾದುತ್ತಾ ಕೂತಿದ್ದೇನೆ. ಇವತ್ತು ಮಹಾಲಯ ಅಮಾವಾಸ್ಯೆ, ಮನೆಯವರು ಹೋಗಿ ವರ್ಷದ ತಿಥಿ ಆದಮೇಲೆ ಇದೇ ಮೊದಲ ಪಕ್ಷ, ಮೊದಲ ಎಡೆ. ಅತ್ತೆ ಪುಟ್ಟಗೌರಮ್ಮ ನಡುಮನೆಯಲ್ಲಿ ಕಾಲು ಚಾಚಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದಾರೆ, ಅಲ್ಲಿಂದಲೇ ಕೂಗುತ್ತಾರೆ, ಸುನಿತಾ, ಚಪಾತಿ ಮರೀಬ್ಯಾಡ ಕಣವ್ವ, ಮಿಕ್ಕಿದ್ದೇನು ಇಲ್ದಿದ್ರೂ ನಡೀತದೆ, ನನ್ ಮಗ ದಿನಾ ತಿಂತಿದ್ದುದ್ದು ಅದೇಯ. ಹ್ಞೂಂ ಅತ್ತೆ ಅನ್ನುತ್ತೇನೆ. ಹ್ಞೂಂ ಅನ್ನುವುದು ಎಷ್ಟು ಸಲೀಸು, ಬಾಯಿ ತೆರೆಯಲೇಬೇಕಿಲ್ಲ.

ಈ ಮನೆಯ ಪದ್ಧತಿ ನಾನು ಮದುವೆಯಾಗಿ ಬಂದ ವರ್ಷದಿಂದ ನೋಡಿದ್ದೇ, ಹೋದವರು ಬದುಕಿದ್ದಾಗ ಏನು ಉಣ್ಣುತ್ತಿದ್ದರೋ ಅದನ್ನೆಲ್ಲ ಕೋಣೆಯಲ್ಲಿ ಫೋಟೋದ ಮುಂದೆ ಬಾಳೆಲೆಗೆ ಬಡಿಸಿ, ಪಕ್ಕದಲ್ಲಿ ಹೊಸ ಪಂಚೆ ಇಟ್ಟು, ಧೂಪ ಹಾಕಿ ಬಾಗಿಲು ಮುಚ್ಚಿಬಿಡುವುದು, ಹೊರಗೆ ಎಲ್ಲರೂ ಮಾತಿಲ್ಲದೆ ಕೂರುವುದು, ಹಿರಿಯರು ಬಂದು ಉಂಡು ಹೋಗಲಿ ಅಂತ, ಆಮೇಲೆ ಬಾಗಿಲು ತೆಗೆದರೆ ಹೋದವರ ಮಕ್ಕಳು ಮೊದಲು ಆ ಎಲೆಗೆ ಕೈ ಹಾಕಬೇಕು, ಮಗು ತಿಂದರೆ ತಂದೆಗೆ ಮುಟ್ಟಿತು, ತಿನ್ನದಿದ್ದರೆ ತಂದೆ ಮತ್ತೆ ವರ್ಷದವರೆಗೂ ಉಪವಾಸ. ನಮಗೆ ಇರುವುದು ಒಬ್ಬಳೇ, ಮೇಘನ. ಅವಳ ಕೈಯೇ ಹೋಗಬೇಕು. ಗೋಧಿ ಬಿಡಿಸಿದ ಮೇಲೆ ಮೊನ್ನೆ ಶಾಲೆಯಿಂದ ಬಂದವಳು ಬ್ಯಾಗನ್ನೇ ದಿಂಬು ಮಾಡಿಕೊಂಡು ಜಗುಲಿಯ ಮೇಲೆ ಮಲಗಿಬಿಟ್ಟಿದ್ದಳು, ಬಾಯಿ ಅರೆ ತೆರೆದು, ಬಿಸಿಲು ಕೆನ್ನೆಯ ಮೇಲೆ ಬಿದ್ದರೂ ಗೊತ್ತಿಲ್ಲದೆ, ಕಾಲು ಎರಡೂ ಸುಮ್ಮನೆ, ಎಷ್ಟೋ ಕಾಲದಿಂದ ಒಂದನ್ನೊಂದು ಉಜ್ಜಿಕೊಂಡೇ ಇದ್ದ ಕಾಲು, ನಾನು ಅಕ್ಕಿ ಆರಿಸುವುದನ್ನು ಬಿಟ್ಟು ನೋಡುತ್ತಾ ಕೂತೆ, ನಿದ್ದೆ ಅಂದರೆ ಹೀಗಿರುತ್ತೆ ಅಂತ, ಹೊಟ್ಟೆಗೆ ಹಾಲು ಹುಯ್ದ ಹಾಗೆ, ಮತ್ತೆ ಆ ಸಂತೋಷದ ಬೆನ್ನಿಗೇ ಬಂತು ಇನ್ನೊಂದು, ಹಾಗಾದರೆ, ಹಾಗಾದರೆ ಇವಳ ಅಪ್ಪನೂ — ನಾಲೆಯ ನೀರು ಕಣ್ಣಿಗೆ ಬಂತು, ಕೆಸರು ಬಣ್ಣದ ನೀರು, ಅದರ ಅಡಿಯಲ್ಲಿ ಎರಡು ದೀಪ.

ಉಂಡೆ ಕಟ್ಟು, ಉಂಡೆ ಕಟ್ಟು. ಲಟ್ಟಣಿಗೆ ಎಲ್ಲಿಟ್ಟೆ, ಇಲ್ಲೇ ಇದೆ, ಒಂದು ಕಡೆ ಸವೆದಿದೆ ಇದು, ಎಷ್ಟು ಲಟ್ಟಿಸಿದ್ದೇನೋ. ನಮ್ಮ ನಾಗಮಂಗಲದ ಕಡೆ ಗೋಧಿಯ ಮುಖ ನೋಡುತ್ತಿದ್ದುದೇ ಅಪರೂಪ, ಹೊಲ ಅಂದರೆ ರಾಗಿ, ಊಟ ಅಂದರೆ ಮುದ್ದೆ, ಈ ಮನೆಗೂ ಅಪ್ಪ ವರ್ಷ ವರ್ಷ ರಾಗಿ ಮೂಟೆ ಕಳಿಸುತ್ತಿದ್ದರು, ಮನೆಯವರು ಸೌಟು ತಿರುಗಿಸಿದ ಸದ್ದಿಗೇ ಕೈ ತೊಳೆದು ಬರುತ್ತಿದ್ದವರು. ಆಮೇಲೆ ಶುಗರ್ ಬಂತು. ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದ ದಿನವೇ ಅತ್ತೆ ಹೇಳಿದರು, ಮುದ್ದೆ ಅನ್ನ ಎಲ್ಲಾ ಬುಟ್ಬುಡ್ಲಾ ತಿಮ್ಮ, ಚಪಾತಿ ತಿನ್ನು, ಶುಗರ್ ಇರೋರೆಲ್ಲ ಅದೇ ತಿನ್ನೋದು. ಯಾರು ಕಲಿಸಿದರೋ, ಊರಿನಲ್ಲಿ ಯಾರ ಮನೆಗೆ ಶುಗರ್ ಬಂದರೂ ಆ ಸಂಜೆಯಿಂದ ಚಪಾತಿ, ಮಾತ್ರೆಯ ಜೊತೆಗೆ ಅದೂ ಒಂದು ಮಾತ್ರೆ ಅನ್ನುವ ಹಾಗೆ, ತಿನ್ನುವುದರಲ್ಲಿ ಒಂದು ಗೌರವ ಬೇರೆ, ಮುದ್ದೆಯವರಲ್ಲ ನಾವು ಅಂತ. ರಾಗಿ ಮೂಟೆ ಮೂಲೆಯಲ್ಲಿ ಕೂತಿತು, ರಾಗಿಗೆ ಹುಳ ಬೀಳುವುದಿಲ್ಲ, ಈಗಲೂ ಹಾಗೇ ಇದೆ. ಮೈ ಇಳಿಯಿತು, ಇಳಿದದ್ದು ನೋಡಿ ಎಲ್ಲರಿಗೂ ಖುಷಿ, ಶುಗರ್ ಹಿಡಿತಕ್ಕೆ ಬತ್ತಾ ಅದೆ ಅಂದರು, ಹೊಟ್ಟೆ ಉಬ್ಬರ ಅಂದರೆ ಗ್ಯಾಸು ಅಂದೆವು, ನಿದ್ದೆ ಬರಾಕಿಲ್ಲ ಅಂದರೆ ಬೆಳಿಗ್ಗೆಗೂ ಚಪಾತಿಯನ್ನೇ ಕೊಟ್ಟೆವು, ಇನ್ನೂ ಪಥ್ಯ ಬಿಗಿಯಾಗಲಿ ಅಂತ. ಅವರು ಒಣಗುತ್ತಾ ಹೋದಷ್ಟೂ ನಾನು ಲಟ್ಟಿಸುತ್ತಾ ಹೋದೆ. ಕಾಲೊಳಗೆ ಇರುವೆ ಹರಿದಂಗಾಯ್ತದೆ ಕಣಮ್ಮಿ, ಒತ್ತು ಒಂಚೂರು ಅನ್ನುತ್ತಿದ್ದರು, ನಾನು ಒತ್ತುತ್ತಿದ್ದೆ, ಹಿಟ್ಟು ನಾದಿದ ಹಾಗೆಯೇ. ಊಟದ ಹೊತ್ತಿಗೆ ಸರಿಯಾಗಿ ಮೇಘನ ಅವರ ತಟ್ಟೆಯ ಮುಂದೆ ಬಂದು ಕೂರುತ್ತಿದ್ದಳು, ಮೊದಲ ಚಪಾತಿಯನ್ನು ಸರಿಯಾಗಿ ಅರ್ಧಕ್ಕೆ ಹರಿದು ಅವಳಿಗೆ ಕೊಡುವರು, ತಗೋ ಮಗಾ, ನೀನು ಪಾಲುದಾರಳು, ಅವಳು ಪಲ್ಯ ಅದ್ದಿಕೊಂಡು ತಿನ್ನುವಳು, ಅಪ್ಪ ಮಗಳು ಇಬ್ಬರದೂ ಒಂದೇ ಥರ ಹರಿಯುವುದು, ಹೆಬ್ಬೆರಳು ನಡುವೆ ಇಟ್ಟು. ಡಾಕ್ಟರಮ್ಮನನ್ನು ಕಂಡು ಮೈಸೂರಿನಿಂದ ಬರುವಾಗ ಬಸ್ಸು ಶ್ರೀರಂಗಪಟ್ಟಣದ ಸೇತುವೆಗೆ ಬಂದಿತ್ತು, ಹೊಳೆ ತುಂಬಿತ್ತು, ಮೇಘನ ಅಂದಳು, ಅಮ್ಮಾ, ಅಪ್ಪಂಗೂ ಕಾಲಲ್ಲಿ ಇರುವೆ ಹರಿದಂಗೆ ಆಗ್ತಿತ್ತಲ್ವಾ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಗಂಜಾಂ ಇರುವ ದಿಕ್ಕಿಗೆ ಕೈ ಮುಗಿದೆ, ಅವಳ ನಿದ್ದೆಗೆ ಅಂತ ನಿಮಿಷಾಂಬ ದೇವಿಗೆ ಹರಕೆ ಹೊತ್ತಿದ್ದೆನಲ್ಲ, ಅದಕ್ಕೆ ಅಂದುಕೊಂಡಿರಬೇಕು ಅವಳು. ಡಾಕ್ಟರಮ್ಮನೂ ಕೇಳಿದ್ದರು, ಇದು ವಂಶದಲ್ಲಿ ಬರೋದುಂಟು, ಮನೇಲಿ ಇನ್ಯಾರಿಗಾದರೂ ಹೀಗಿತ್ತಾ. ಯಾರಿಗೂ ಇಲ್ಲ ಅಂದೆ. ಇತ್ತು ಅಂದಿದ್ದರೆ ಮುಂದಿನ ಮಾತು ಏನು ಬರುತ್ತಿತ್ತೋ, ಅದನ್ನು ಆ ಕುರ್ಚಿಯಲ್ಲಿ ಕೂತು ಕೇಳಲು ನನ್ನಿಂದ ಆಗುತ್ತಿರಲಿಲ್ಲ.

ಕಾವಲಿ ಕಾದಿದೆ, ನೀರು ಚಿಮುಕಿಸಿದರೆ ಚುಂಯ್ ಅನ್ನುತ್ತಿದೆ. ಉಬ್ಬುತ್ತಿದೆ ನೋಡು, ಚೆನ್ನಾಗಿ ಉಬ್ಬುತ್ತಿದೆ, ಇವತ್ತೇ ಹಾಳಾಗಬಾರದಿತ್ತೆ. ಹಗಲೆಲ್ಲ ತೂಕಡಿಸುವರು ಮನೆಯವರು ಕೊನೆ ಕೊನೆಗೆ, ತುತ್ತು ಕೈಯಲ್ಲಿದ್ದ ಹಾಗೇ, ಮಾತು ಬಾಯಲ್ಲಿದ್ದ ಹಾಗೇ, ಕ್ಷೌರಕ್ಕೆ ಹೋದರೆ ದೇವಯ್ಯ ಅಂದನಂತೆ, ಗೌಡ್ರೇ, ನಿಮ್ ಕ್ರಾಪಿಗೆ ನಾನೊಬ್ನೇ ಸಾಲಾಕಿಲ್ಲ, ತಲೆ ಎತ್ತಿಡ್ಕೊಳ್ಳಾಕೆ ಇನ್ನೊಬ್ಬ ಆಳು ಬೇಕು, ಮನೆಗೆ ಬಂದು ಅದನ್ನು ಹೇಳಿಕೊಂಡು ತಾವೇ ನಕ್ಕರು, ನಾವೂ ನಕ್ಕೆವು. ನಕ್ಕೆವಲ್ಲ. ಮಲಗಿದರೆ ಮಾತ್ರ ಕಣ್ಣು ಸೂರಿಗೆ ನೆಟ್ಟ ಹಾಗೆ, ರೆಪ್ಪೆ ಬಡಿಯುತ್ತದೋ ಇಲ್ಲವೋ. ನಿದ್ದೆ ಬಂದೀತು ಅಂತ ಒಂದೆರಡು ಸಲ ಕುಡಿದೂ ನೋಡಿದರು, ವಾಂತಿ ಬಂತು, ನಿದ್ದೆ ಬರಲಿಲ್ಲ, ಬಿಟ್ಟರು. ಆ ಬೆಳಗ್ಗೆ ಕುಡಿದಿರಲಿಲ್ಲ, ನಾನೇ ಕಾಫಿ ಕೊಟ್ಟಿದ್ದೆ, ಕಬ್ಬಿನ ಲೋಡು ಹೊತ್ತಿಗೆ ಮುಂಚೆ ಆಲೆಮನೆಗೆ ಸೇರಬೇಕು ಅಂತ ಟ್ರಾಕ್ಟರು ಹತ್ತಿದರು, ನಾಲೆಯ ಏರಿ ನೆಟ್ಟಗಿದೆ, ತಿರುವೇ ಇಲ್ಲ, ತಿರುವು ಇಲ್ಲದ ಕಡೆಯೇ ಕಣ್ಣು ಮುಚ್ಚುವುದು. ಟ್ರಾಕ್ಟರು ನಾಲೆಗೆ ಬಿತ್ತು ಅಂತ ಕೂಗಿ ಕರೆದರು, ಓಡಿದೆ, ಆಗ ತಾನೇ ಹೊತ್ತು ಮೂಡುತ್ತಿತ್ತು, ಕಬ್ಬು ನೀರ ಮೇಲೆ ಹರಡಿಕೊಂಡು ತೇಲುತ್ತಿತ್ತು, ಜನ ನೀರಿಗೆ ಕೈ ತೋರಿಸುತ್ತಿದ್ದರು, ನಾನು ಅವರನ್ನು ಹುಡುಕುತ್ತಿದ್ದೆ, ಕಂಡದ್ದು ಅವರಲ್ಲ, ಎರಡು ದೀಪ, ಇನ್ನೂ ಉರಿಯುತ್ತಿದ್ದವು, ಕೆಸರು ನೀರಿನ ಅಡಿಯಿಂದ ಮೇಲಕ್ಕೆ ನೋಡುತ್ತಾ, ಎರಡೂ ತೆರೆದುಕೊಂಡು, ಕಣ್ಣು ಮುಚ್ಚಿಯೇ ಸತ್ತವರ ಟ್ರಾಕ್ಟರಿಗೆ ಕಣ್ಣು ಮುಚ್ಚಲು ಆಗಿರಲಿಲ್ಲ. ಕುಡಿದಿದ್ದ ಅಂದಿತು ಊರು. ನೆಟ್ಟಗಿರೋ ದಾರೀಲಿ ಕುಡೀದೆ ಇದ್ದೋನು ಬೀಳ್ತಾನಾ. ಹೆಣ ಎತ್ತುವ ಮೊದಲೇ ತೀರ್ಪಾಗಿತ್ತು. ಇಗೋ ಭಾವ ಹೊನ್ನಪ್ಪನವರು ಬಂದರು, ಅವರ ಅಣ್ಣ, ಪಾಂಡವಪುರಕ್ಕೆ ಹೋಗಿ ಬಂದಿದ್ದಾರೆ, ಬಾಳೆಲೆ ಹೂವಿನ ಜೊತೆಗೆ ಪೇಪರಿನಲ್ಲಿ ಸುತ್ತಿದ ಬಾಟಲಿ, ತಮ್ಮನ ಎಡೆಗೆ ಅಂತ, ಅದ್ರಲ್ಲೇ ಹೋದ, ಇರ್ಲಿ ಒಂದು ಅನ್ನುತ್ತಾ ಕೋಣೆಗೆ ಇಡುತ್ತಾರೆ, ಕಣ್ಣು ಒರೆಸಿಕೊಳ್ಳುತ್ತಾರೆ, ಕೆಟ್ಟವರಲ್ಲ. ಬೇಡ ಭಾವ ಅನ್ನಬೇಕು. ಅಂದರೆ, ಕುಡಿತ ಅಲ್ಲದಿದ್ದರೆ ಮತ್ತೇನು ಅಂತ ಕೇಳುತ್ತಾರೆ, ಮತ್ತೇನು ಅಂದರೆ ಚಪಾತಿ ಅನ್ನಬೇಕು, ಅದಕ್ಕೆ ಗುರುತು ಎಲ್ಲಿದೆ, ಅವರಿಗೆ ಯಾರೂ ಪರೀಕ್ಷೆ ಮಾಡಲಿಲ್ಲ, ಸುಟ್ಟಾಯಿತು, ಬೂದಿಯನ್ನು ಹೊಳೆಗೆ ಬಿಟ್ಟಾಯಿತು, ಈಗ ಉಳಿದಿರುವುದು ಮಗಳ ಕರುಳೊಂದೇ. ಅದರ ಮೇಲೆ, ಮುದ್ದೆ ಬಿಡಿಸಿದ ತಾಯಿಗೆ ಇದನ್ನು ಯಾವ ಬಾಯಲ್ಲಿ ಹೇಳುವುದು, ಮಗ ಕುಡಿದು ಸತ್ತ ಅನ್ನುವುದು ಒಂದು ನೋವು, ನಾವೇ ಉಣಿಸಿ ಉಣಿಸಿ ಅನ್ನುವುದು ಇನ್ನೊಂದು, ಎರಡರಲ್ಲಿ ಯಾವುದು ಹಗುರ ಅಂತ ತೂಗುತ್ತಾ ಇಷ್ಟು ದಿನ ಕಳೆದೆ. ಅತ್ತೆಗೆ ಹೇಳಿರುವುದು ಇಷ್ಟೇ, ಮೇಘನಂಗೆ ಗೋಧಿ ಉಷ್ಣ, ಕೊಡಬ್ಯಾಡಿ ಅಂದವ್ರೆ. ಉಷ್ಣ ಆದ್ರೆ ಮಜ್ಜಿಗೆ ಕುಡುದ್ರಾಯ್ತದೆ ಅಂದಿದ್ದರು.

ಬಡಿಸಿದ್ದಾಯಿತು. ಕೋಳಿ ಸಾರು, ವಡೆ, ಅನ್ನ, ಎಲೆಯ ನಡುವೆ ಅಕ್ಕಪಕ್ಕಕ್ಕೆ ಎರಡು ಚಪಾತಿ, ಅತ್ತೆ ಬಂದು ತಮ್ಮ ಕೈಯಾರೆ ತುಪ್ಪ ಸವರಿದರು. ಫೋಟೋದಲ್ಲಿ ಮನೆಯವರು ನೋಡುತ್ತಿದ್ದಾರೆ, ಸ್ಟುಡಿಯೋದವನು ಕಣ್ಣು ದೊಡ್ಡದಾಗಿ ಬಿಡಿ ಸಾರ್ ಅಂದಿರಬೇಕು. ಭಾವ ಧೂಪ ಹಾಕಿದರು, ಬಾಗಿಲು ಎಳೆದುಕೊಂಡರು. ನಡುಮನೆಯಲ್ಲಿ ಎಲ್ಲರೂ ಕೂತಿದ್ದೇವೆ, ಮಾತಿಲ್ಲ, ಬಾಗಿಲ ಸಂದಿಯಿಂದ ಹೊಗೆ ಬರುತ್ತಿದೆ, ಮೇಘನ ಕಂಬಕ್ಕೆ ಒರಗಿ ಬಾಗಿಲನ್ನೇ ನೋಡುತ್ತಿದ್ದಾಳೆ, ಒಳಗೆ ಅಪ್ಪ ಉಣ್ಣುತ್ತಿದ್ದಾರೆ ಅಂತ ನಂಬಿಕೊಂಡು, ಹತ್ತನೇ ಕ್ಲಾಸಿನ ಹುಡುಗಿ, ಸೈನ್ಸಿನಲ್ಲಿ ಒಳ್ಳೆ ಮಾರ್ಕ್ಸು ತೆಗೆಯುತ್ತಾಳೆ, ಆದರೂ ನಂಬಿಕೊಂಡು, ನಾನೂ ನಂಬಿಕೊಂಡು, ಉಣ್ಣಬೇಡಿ, ದಮ್ಮಯ್ಯ, ಅದೊಂದನ್ನು ಬಿಟ್ಟು ಮಿಕ್ಕಿದ್ದು ಉಣ್ಣಿ ಅಂತ ಮುಚ್ಚಿದ ಬಾಗಿಲಿಗೆ ಹೇಳಿಕೊಳ್ಳುತ್ತಾ, ಸತ್ತವರನ್ನು ತಡೆಯುತ್ತಿದ್ದೇನಲ್ಲ, ಬದುಕಿರುವವಳನ್ನು ತಡೆಯುವುದು ಬಿಟ್ಟು. ಭಾವ ಎದ್ದು ಬಾಗಿಲು ತೆಗೆದರು. ಹೊಗೆ ನುಗ್ಗಿತು. ಏಳು ಮಗ, ಅತ್ತೆ ಮೊಮ್ಮಗಳ ಬೆನ್ನು ತಟ್ಟುತ್ತಾರೆ, ಮೊದ್ಲು ಚಪಾತಿ ಮುರಿ, ನೀನು ತಿಂದ್ರೆ ನಿಮ್ಮಪ್ಪನ ಹೊಟ್ಟೆ ತುಂಬ್ತದೆ. ಮೇಘನ ನನ್ನ ಕಡೆ ನೋಡುತ್ತಾಳೆ, ಒಂದೇ ಚೂರು ಅಮ್ಮ ಅನ್ನುತ್ತಾಳೆ, ಅಪ್ಪಂಗೆ, ಎಲೆಯ ಮುಂದೆ ಕೂತು ಹೆಬ್ಬೆರಳನ್ನು ನಡುವೆ ಇಡುತ್ತಾಳೆ, ಅವರದೇ ಹೆಬ್ಬೆರಳು, ಹರಿಯುತ್ತಾಳೆ, ಸರಿಯಾಗಿ ಅರ್ಧಕ್ಕೆ — ನಾನು ಯಾವಾಗ ಎದ್ದೆನೋ, ಅವಳ ಮಣಿಕಟ್ಟು ನನ್ನ ಕೈಯಲ್ಲಿದೆ, ಬಿಗಿಯಾಗಿ, ಬಳೆ ಒತ್ತುವಷ್ಟು, ಭಾವ ಏನಮ್ಮಾ ಇದು ಎಡೆ ಮುಂದೆ ಅನ್ನುತ್ತಿದ್ದಾರೆ, ನನ್ನ ಬಾಯಿ ತಾನಾಗಿ ತೆರೆಯುತ್ತದೆ, ಬ್ಯಾಡ ಅತ್ತೆ, ಅವರಿಗೆ ನಿದ್ದೆ ಇಲ್ದಂಗೆ ಮಾಡಿದ್ದು ಇದೇಯ, ಇವಳಿಗಿರೋ ಕಾಯ್ಲೇನೇ ಅವರಿಗೂ ಇತ್ತು ಕಣತ್ತೆ, ನಮಗೆ ಗೊತ್ತಾಗ್ನಿಲ್ಲ.

ಅತ್ತೆ ಫೋಟೋ ನೋಡುತ್ತಾರೆ, ಎಲೆ ನೋಡುತ್ತಾರೆ, ತುಪ್ಪದ ಕೈಯನ್ನು ಸೆರಗಿಗೆ ಒರೆಸುತ್ತಾರೆ, ಒರೆಸುತ್ತಲೇ ಇರುತ್ತಾರೆ, ಆಮೇಲೆ ಬಹಳ ಸಣ್ಣ ದನಿಯಲ್ಲಿ, ಅಂಗಾರೆ ನನ್ ಮಗ ಅವತ್ತು ಕುಡ್ದಿರ್ನಿಲ್ವೇನವ್ವ. ಇವರೂ ಹಾಗೇ ಅಂದುಕೊಂಡಿದ್ದರಾ, ಹೆತ್ತವರೂ, ಇಷ್ಟು ದಿನ. ಇಲ್ಲ ಅತ್ತೆ ಅನ್ನುತ್ತೇನೆ. ಅವರು ಬಾಟಲಿಯನ್ನು ಎತ್ತಿ ಭಾವನ ಕಡೆಗೆ ಚಾಚುತ್ತಾರೆ, ಭಾವ ತೆಗೆದುಕೊಳ್ಳುತ್ತಾರೆ, ಅದೊಂದು ಎಲೆಯ ಮುಂದಿನಿಂದ ಹೋಯಿತು, ಇನ್ನೊಂದನ್ನು ತೆಗೆಯಬೇಕು, ಅತ್ತೆಯ ಕೈ ಚಪಾತಿಯವರೆಗೆ ಬಂದು ನಿಲ್ಲುತ್ತದೆ, ಮುಟ್ಟಲು ಆಗುವುದಿಲ್ಲ ಅವರಿಗೆ, ಮುದ್ದೆ ಬುಡು ಅಂದೋಳು ನಾನು ಅಲ್ವೇನವ್ವ ಅನ್ನುತ್ತಾರೆ, ಅದಕ್ಕೆ ನಾನು ಹ್ಞೂಂ ಅನ್ನಲಾರೆ, ಊಹ್ಞೂಂ ಅನ್ನಲಾರೆ, ಲಟ್ಟಿಸಿದವಳು ನಾನು, ಹಾಗಾದ್ರೆ ಅಪ್ಪ ಉಪವಾಸನಾ ಅಂತ ಮೇಘನ ಅಳುತ್ತಾಳೆ, ಮುದ್ದೆ ತಿರುವಬೇಕು ಈಗ, ಎಸರಿಡಬೇಕು, ಮೂಟೆಯ ಬಾಯಿ ಬಿಚ್ಚಬೇಕು, ಬೀಸಬೇಕು, ಏಳಬೇಕು, ಏಳಲು ಆಗುತ್ತಿಲ್ಲ, ಎಲೆಯ ಮೇಲೆ ತುಪ್ಪ ಸವರಿದ ಎರಡು ದುಂಡು, ಹರಿದದ್ದು ಮತ್ತೆ ಕೂಡಿಕೊಂಡ ಹಾಗೆ, ಹೊಗೆಯ ಅಡಿಯಲ್ಲಿ ಹೊಳೆಯುತ್ತಿವೆ, ಹೊಗೆಯಲ್ಲ, ನೀರು, ಕೆಸರು ನೀರು, ಅದರ ಅಡಿಯಲ್ಲಿ, ಯಾರಾದರೂ ಇಳಿದು ಆರಿಸಬಾರದೆ, ಹೊತ್ತು ಮೂಡಿದೆ, ಇನ್ನು ಬೆಳಕು ಬೇಕಿಲ್ಲ, ಆರಿಸಬಾರದೆ, ಎರಡು ದೀಪ, ರೆಪ್ಪೆಯಿಲ್ಲದೆ, ಎರಡು ದೀಪ